ಸಂಘದ ಸಾಲದಲ್ಲಿ ಹದಿನೇಳರ ಹುಡುಗಿಯ ಮದುವೆ: ಕೊಡಬೇಕಾ, ಬೇಡವಾ?

ಲೆಕ್ಕದಕ್ಕ (ವಿಜಯಪುರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಪಂಚಾಯಿತಿಯ ಸಂಜೀವಿನಿ ಒಕ್ಕೂಟದಲ್ಲಿ, ಅಂದರೆ ಹೆಣ್ಣುಮಕ್ಕಳ ಉಳಿತಾಯ–ಸಾಲದ ಸಂಘಗಳ ಕೂಟದಲ್ಲಿ, ಲೆಕ್ಕದ ಪುಸ್ತಕ ಬರೆಯುವವಳು. ಒಂದು ಸಾಲದ ಅರ್ಜಿ ತಲೆ ತಿನ್ನುತ್ತಿದೆ. ಬೇರೆ ಜಿಲ್ಲೆಗಳ ಸಂಘಗಳಲ್ಲಿ ಇಂಥದ್ದಕ್ಕೆ ಏನು ಮಾಡುತ್ತೀರಿ ಅಂತ ಕೇಳೋಣ ಅಂತ ಬಂದೆ.

ಸದಸ್ಯೆಯೊಬ್ಬರು ಅರವತ್ತು ಸಾವಿರ ಕೇಳಿದ್ದಾರೆ. ಉದ್ದೇಶದ ಕಾಲಂನಲ್ಲಿ ‘ಎಮ್ಮೆ ಖರೀದಿ’ ಅಂತಿದೆ. ನಮ್ಮ ಸಾಲದ ಪುಸ್ತಕ ತಿರುವಿದರೆ ಪುಟಕ್ಕೆ ನಾಲ್ಕಾದರೂ ಎಮ್ಮೆ ಸಿಗುತ್ತವೆ. ಅಷ್ಟೂ ನಿಜವಾಗಿ ಬಂದಿದ್ದರೆ ಊರ ಡೇರಿಗೆ ಇನ್ನೊಂದು ಕಟ್ಟಡ ಬೇಕಾಗುತ್ತಿತ್ತು. ಮದುವೆ ಅಂತ ಬರೆದರೆ ‘ಇದು ಆದಾಯ ತರುವ ಸಾಲ ಅಲ್ಲ’ ಅಂತ ಮೇಲಿನವರು ಪ್ರಶ್ನೆ ಹಾಕುತ್ತಾರೆ. ಅದಕ್ಕೇ ಎಮ್ಮೆ, ಕುರಿ, ಕಿರಾಣಿ ಅಂಗಡಿ. ಸಂಘದಲ್ಲಿ ಇರುವವರಿಗೆಲ್ಲ ಇದು ಗೊತ್ತಿರುವ ಗುಟ್ಟೇ ಬಿಡಿ.

ಈ ಸಲ ವಿಷಯ ಬೇರೆ. ದುಡ್ಡು ಹೋಗುವುದು ಮಗಳ ಮದುವೆಗೆ. ಹುಡುಗಿ ಪಿಯುಸಿ ಮೊದಲ ವರ್ಷ, ಹದಿನೇಳು ಈಗಷ್ಟೇ ತುಂಬಿದೆ. ಸಭೆಯಲ್ಲಿ ಈ ಮಾತು ಎತ್ತಿದ್ದೇ ತಡ, ಜಮಖಾನೆಯ ಮೇಲೆ ಕೂತ ಹನ್ನೆರಡು ಜನರಲ್ಲಿ ಆರು ಜನ ನೆಲ ನೋಡಿದರು, ಉಳಿದವರು ನನ್ನನ್ನು ನೋಡಿದರು. ಆ ತಾಯಿ ಅತ್ತೂ ಇಲ್ಲ, ಕೂಗಾಡಿಯೂ ಇಲ್ಲ. ಉಳಿತಾಯದ ಐವತ್ತರ ನೋಟು ಕೈಯಲ್ಲಿ ಸುತ್ತುತ್ತಾ ಕೇಳಿದ್ದು ಇಷ್ಟೇ: “ದೀಪಾವಳಿ ಮುಗದ ಕೂಡ್ಲೇ ನಾವಿಬ್ರೂ ಕಬ್ಬ ಕಡಿಯಾಕ ಹೋಗ್ತೀವಿ. ಬ್ಯಾಸಿಗಿತನಾ ಬರೂದಿಲ್ಲ. ಅಲ್ಲಿತನಾ ಇಕಿನ್ನ ಯಾರ ಮನ್ಯಾಗ ಬಿಡ್ಲಿ? ಏನರ ಆದ್ರ ನೀವ್ಯಾರರ ಬರ್ತೀರೇನು?”

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅರ್ಜಿ ಮುಂದಿನ ಸಭೆಗೆ ಹೋಗಿದೆ. ಅವರ ಲೆಕ್ಕ ಚೊಕ್ಕ, ಒಂದು ಕಂತೂ ತಪ್ಪಿಸಿದವರಲ್ಲ. ಸಾಲ ಬೇಡ ಅನ್ನಲು ಪುಸ್ತಕದಲ್ಲಿ ಒಂದು ಕಾರಣವೂ ಇಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೇ ಮೇಷ್ಟ್ರು (ಯಾದಗಿರಿ)

ಕೊಡಬೇಡಿ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ತಾಯಿ?

ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು. ಅದರಲ್ಲಿ ಇಂಥ ಮದುವೆಯನ್ನು ಆಮೇಲೆ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕಿತ್ತು. ನಮ್ಮ ರಾಜ್ಯ 2017ರಲ್ಲಿ ತಿದ್ದುಪಡಿ ತಂದು, ಅದು ಮೊದಲಿನಿಂದಲೇ ಮದುವೆಯೇ ಅಲ್ಲ ಅಂತ ಮಾಡಿತು. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಜನರಿಗೆ ಹದಿನೆಂಟರ ಒಳಗೇ ಮದುವೆ ಆಗಿತ್ತು. ಐವರಲ್ಲಿ ಒಬ್ಬಳು! ಇಡೀ ರಾಜ್ಯ ಸೇರಿಸಿದ ಲೆಕ್ಕ ಇದು. ನಮ್ಮ ಕಡೆ ತರಗತಿಯಲ್ಲಿ ನಿಂತು ನೋಡಿದವರಿಗೆ ಇದೂ ಕಡಿಮೆ ಅನ್ನಿಸುತ್ತೆ. ದಸರಾ ರಜೆಗೆ ಹೋದ ಹುಡುಗಿ ರಜೆ ಮುಗಿದ ಮೇಲೆ ಬರುವುದಿಲ್ಲ. ಕೇಳಿದರೆ “ಅಜ್ಜಿ ಊರಿಗೆ ಹೋಗ್ಯಾಳ ಸರ್” ಅಂತಾರೆ. ಆ ಅಜ್ಜಿ ಊರು ಯಾವುದು ಅಂತ ನಮಗೆ ಗೊತ್ತಿಲ್ವಾ?

ನೇರಮಾತು (ದಾವಣಗೆರೆ)

ಮೇಷ್ಟ್ರೇ, ಕಾಯ್ದೆ ಎಲ್ಲರಿಗೂ ಗೊತ್ತು. ಅಕ್ಕ ಕೇಳಿದ್ದು ಬೇರೆ.

ಸಂಘ ಇರುವುದು ಉಳಿತಾಯಕ್ಕೆ, ಸಾಲಕ್ಕೆ. ಅದನ್ನೂ ಪೊಲೀಸ್ ಸ್ಟೇಷನ್ ಮಾಡಿದರೆ ಯಾರು ಬಂದು ಕೂರುತ್ತಾರೆ? ಇವರು ಇಲ್ಲ ಅಂದರೆ ಆ ಹೆಂಗಸು ನಾಳೆ ಬೆಳಿಗ್ಗೆ ವಾರದ ಕಂತಿನ ಮೈಕ್ರೋಫೈನಾನ್ಸ್ ಕಂಪನಿಗೆ ಹೋಗುತ್ತಾಳೆ. ಅವರು ಹುಡುಗಿ ವಯಸ್ಸು ಕೇಳಲ್ಲ, ಎಮ್ಮೆಯನ್ನೂ ಕೇಳಲ್ಲ. ಆಧಾರ್ ಕಾರ್ಡು, ಒಂದು ಫೋಟೋ, ಮುಗೀತು. ಮದುವೆಯಂತೂ ನಿಲ್ಲಲ್ಲ, ಬಡ್ಡಿ ಮಾತ್ರ ಜಾಸ್ತಿ ಆಗುತ್ತೆ. ನಷ್ಟ ಯಾರಿಗೆ?

ಇನ್ನೊಂದು. ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬಂದರೆ ಇವೆಲ್ಲ ತಾನಾಗಿ ಹೋಗುತ್ತವೆ. ನಮ್ಮ ಅಜ್ಜಿ ಕಾಲದಲ್ಲಿ ಇದ್ದದ್ದು ಈಗ ಎಷ್ಟು ಉಳಿದಿದೆ? ಮೊದಲು ಸಂಪಾದನೆ, ಸುಧಾರಣೆ ಆಮೇಲೆ.

ಕರಾವಳಿ ಹುಡುಗಿ (ದಕ್ಷಿಣ ಕನ್ನಡ)

ನೇರಮಾತು ಅವರೇ, ಆ ಕೊನೆಯ ಮಾತನ್ನು ಒಪ್ಪಲ್ಲ. ನಮ್ಮ ಕಡೆ ಹೆಂಗಸರ ಕೈಗೆ ದುಡ್ಡು ಬಂದು ಎಷ್ಟೋ ಕಾಲ ಆಯ್ತು. ಬೀಡಿ ಕಟ್ಟಿ.

ನನ್ನ ಇಬ್ಬರು ಚಿಕ್ಕಮ್ಮಂದಿರು ಶಾಲೆ ಬಿಟ್ಟ ದಿನದಿಂದ ಮಡಿಲಲ್ಲಿ ಬೀಡಿಯ ತಡ್ಪೆ (ಮೊರ) ಇಟ್ಟುಕೊಂಡೇ ಬೆಳೆದವರು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ನೂಲು ಸುತ್ತುವುದು. ಬೆರಳು ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ವಾರಕ್ಕೊಮ್ಮೆ ಬೀಡಿ ಬ್ರಾಂಚಿಗೆ ಹೋಗಿ ಕೊಟ್ಟು ಬರುವುದು. ದುಡಿದದ್ದೆಲ್ಲ ಎಲ್ಲಿ ಹೋಯಿತು ಹೇಳಿ? ಅವರವರ ಮದುವೆಯ ಬಂಗಾರಕ್ಕೆ. ಬಳೆ, ಸರ, ಕಿವಿಯದು, ಎಲ್ಲ ಬೀಡಿಯದ್ದೇ. ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು, ‘ನನ್ನ ಮಕ್ಕಳು ನನಗೆ ಭಾರ ಆಗಲಿಲ್ಲ’ ಅಂತ. ವರದಕ್ಷಿಣೆ ಎಲ್ಲಿ ಹೋಯಿತು? ಅಲ್ಲೇ ಇತ್ತು. ಅಪ್ಪನ ಬದಲು ಮಗಳು ಕಟ್ಟಿದಳು, ಅಷ್ಟೇ. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು ಅನ್ನುವುದನ್ನೂ ನೆನಪಿಡಿ.

ಸಂಪಾದನೆ ಬೇಡ ಅಂತಲ್ಲ ನಾನು ಹೇಳುವುದು. ಚಿಕ್ಕಮ್ಮ ಇವತ್ತಿಗೂ ಯಾರ ಮುಂದೂ ಕೈ ಚಾಚಲ್ಲ. ಆದರೆ ದುಡ್ಡು ಬಂದರೆ ಪದ್ಧತಿ ತಾನಾಗಿ ಹೋಗುತ್ತೆ ಅನ್ನುವುದು ಸುಮ್ನೆ ಮಾತು.

ವಾರದ ಕಂತು (ಮಂಡ್ಯ)

ನನ್ನ ಹೆಸರೇ ಹೇಳುತ್ತಲ್ಲ, ಕಂಪನಿ ಸಾಲದ ಬಗ್ಗೆ ನಾನು ಹೇಳ್ತೀನಿ.

ನೇರಮಾತು ಅವರು ಹೇಳಿದ್ದರಲ್ಲಿ ಅರ್ಧ ನಿಜ. ಅವರು ಯಾವುದನ್ನೂ ಕೇಳಲ್ಲ. ನಮ್ಮ ಬೀದಿಯಲ್ಲಿ ಒಬ್ಬೊಬ್ಬರಿಗೆ ನಾಲ್ಕು ಕಡೆ ಸಾಲ ಇತ್ತು. ಸೋಮವಾರ ಒಂದು, ಬುಧವಾರ ಇನ್ನೊಂದು. ಒಂದರ ಕಂತು ಕಟ್ಟಲು ಇನ್ನೊಂದು ಎತ್ತುವುದು. ಗುಂಪಿನಲ್ಲಿ ಒಬ್ಬರು ಕಟ್ಟಲಿಲ್ಲ ಅಂದರೆ ಉಳಿದವರೇ ಅವರ ಮನೆ ಬಾಗಿಲಿಗೆ ಹೋಗಿ ಕೂರಬೇಕು. ಅಕ್ಕತಂಗಿಯರಂತೆ ಇದ್ದವರು ಮುಖ ನೋಡದ ಹಾಗೆ ಆದರು. ಮನೆ ಬೀಗ ಹಾಕಿ ರಾತ್ರೋರಾತ್ರಿ ಊರು ಬಿಟ್ಟವರೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಟ್ಟು ವಸೂಲಿ ಮಾಡಿದರೆ ಹತ್ತು ವರ್ಷದವರೆಗೂ ಜೈಲು ಅಂತ ಮಾಡಿತು. ಅದು ಬಂದ ಮೇಲೆ ಬಾಗಿಲಿಗೆ ಬಂದು ಕೂಗಾಡುವುದು ಕಡಿಮೆ ಆಗಿದೆ, ಸಾಲ ಕಡಿಮೆ ಆಗಿಲ್ಲ.

ಲೆಕ್ಕದಕ್ಕ, ನೀವು ಸಾಲ ಬೇಡ ಅನ್ನುವುದಾದರೆ ಅನ್ನಿ. ಆದರೆ ಆ ಅಮ್ಮ ಅಲ್ಲಿಗೆ ಹೋಗದ ಹಾಗೆ ಏನಾದರೂ ಮಾಡಿ ಆಮೇಲೆ ಅನ್ನಿ.

ಗುಡ್ಡದ ಮಗ (ಬೆಳಗಾವಿ ಜಿಲ್ಲೆ)

ಇಷ್ಟು ಹೊತ್ತು ಓದುತ್ತಾ ಇದ್ದೆ. ನಮ್ಮ ಅವ್ವ ದೇವದಾಸಿ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ, ಆಕೆಗೂ ಇಲ್ಲ.

ಇಲ್ಲಿ ಎಲ್ಲರೂ ‘ಕೆಟ್ಟ ಪದ್ಧತಿ’ ಅಂತ ಬರೆಯುತ್ತಿದ್ದೀರಿ. ಅದು ಕೆಟ್ಟದ್ದು ಅಂತ ನಮ್ಮ ಅಜ್ಜನಿಗೂ ಗೊತ್ತಿತ್ತು. ಆದರೂ ಮಗಳಿಗೆ ಮುತ್ತು ಕಟ್ಟಿಸಿದ, ಅಂದರೆ ದೇವರ ಹೆಸರಲ್ಲಿ ಬಿಟ್ಟ. ಯಾಕೆ? ಗಂಡು ಮಗ ಇರಲಿಲ್ಲ. ಮುತ್ತು ಕಟ್ಟಿಸಿಕೊಂಡ ಮಗಳು ಗಂಡನ ಮನೆಗೆ ಹೋಗುವುದಿಲ್ಲ, ತವರಲ್ಲೇ ಉಳಿದು ಮಗನ ಹಾಗೆ ಮನೆ ನಡೆಸುತ್ತಾಳೆ. ತುಂಡು ಹೊಲ ಇದ್ದರೆ ಅದೂ ಅವಳಿಗೇ. ಮುಪ್ಪಿನಲ್ಲಿ ಅಜ್ಜ ಅಜ್ಜಿಗೆ ಅನ್ನ ಹಾಕಿದ್ದು ಅವಳೇ. ಹೇಳುವುದು ಎಲ್ಲಮ್ಮನ ಹೆಸರು, ಒಳಗೆ ಇರುವುದು ಇಂಥ ಹೊಟ್ಟೆಯ ಲೆಕ್ಕ. ಊರ ದೊಡ್ಡವರಿಗೆ ಇದರಿಂದ ಏನು ಸಿಗುತ್ತಿತ್ತು ಅಂತ ನಾನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯ ಇದಕ್ಕೆ ನಿಷೇಧ ಕಾಯ್ದೆ ತಂದದ್ದು 1982ರಲ್ಲಿ. 1993-94ರ ಸರ್ಕಾರಿ ಸಮೀಕ್ಷೆಯಲ್ಲಿ 22,873 ಜನ ಸಿಕ್ಕರು. 2007-08ರಲ್ಲಿ ಮತ್ತೆ ಎಣಿಸಿದಾಗ ಒಟ್ಟು 46,660 ಆಯಿತು, ಹದಿನಾಲ್ಕು ಜಿಲ್ಲೆ ಸೇರಿ. ಕಾಯ್ದೆ ಬಂದ ಮೇಲೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬಹಿರಂಗವಾಗಿ ಕಟ್ಟುವುದು ನಿಂತಿತು. ಮನೆಯೊಳಗೆ, ಬೇರೆ ಊರಿನ ಸಣ್ಣ ಗುಡಿಗಳಲ್ಲಿ ನಡೆಯಿತು. ಪೊಲೀಸರು ಭಾರತ ಹುಣ್ಣಿಮೆಯ ಜಾತ್ರೆಗೆ ಸವದತ್ತಿಯಲ್ಲಿ ಕಾಯುತ್ತಿದ್ದರು, ಮುತ್ತು ಕಟ್ಟುವವರು ಯಾವುದೋ ಒಂದು ಸಾದಾ ಮಂಗಳವಾರ ಕಟ್ಟುತ್ತಿದ್ದರು.

ನಿಜವಾಗಿ ನಿಲ್ಲಿಸಿದ್ದು ಯಾರು? ಆ ಹೆಂಗಸರೇ. ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರದ್ದೇ ಒಂದು ಸಂಸ್ಥೆ ಶುರುವಾಯಿತು, ಮಾಸ್ ಅಂತ ಕರೀತಾರೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರೂ ಮುತ್ತು ಕಟ್ಟಿಸಿಕೊಂಡವರೇ. ಹೊರಗಿನಿಂದ ಬಂದವರು ಭಾಷಣ ಮಾಡಿದರೆ ‘ನಿನಗೇನು ಗೊತ್ತು’ ಅನ್ನಬಹುದು. ಇವರಿಗೆ ಹಾಗೆ ಅನ್ನಲು ಆಗಲ್ಲ.

ನಮ್ಮವ್ವ ಸಂಘದ ಸಾಲದಲ್ಲಿ ಆಡು ಕಟ್ಟಿದಳು. ನನ್ನ ತಂಗಿಗೆ ಮುತ್ತು ಕಟ್ಟಿಸು ಅಂತ ಹಿರಿಯರು ಬಂದಾಗ ಆಕೆ ದೇವರ ಬಗ್ಗೆ ಒಂದು ಮಾತೂ ಆಡಲಿಲ್ಲ. “ನನ್ನ ಮುಪ್ಪಿಗೆ ನನ್ನ ಆಡು ಅದಾವು, ನನ್ನ ಮಗಳು ಬ್ಯಾಡ” ಅಂದಳು. ವಾದ ಅಲ್ಲಿಗೇ ಮುಗೀತು. ತಂಗಿ ಈಗ ನರ್ಸು.

ಹಾಗಾಗಿ ಲೆಕ್ಕದಕ್ಕ, ಆ ಮದುವೆಯಿಂದ ಆ ಮನೆಗೆ ಏನು ಸಿಗುತ್ತಿದೆ ಅಂತ ಮೊದಲು ಪತ್ತೆ ಮಾಡಿ. ಅದಕ್ಕೆ ಬದಲಿ ಕೊಡದೆ ಬರೀ ಬೇಡ ಅಂದರೆ ಬೇರೆ ದಾರಿಯಲ್ಲಿ ಮಾಡುತ್ತಾರೆ.

ಲೆಕ್ಕದಕ್ಕ

ತಮ್ಮಾ, ನಿಮ್ಮ ಅವ್ವನ ಮಾತು ನಮ್ಮ ಸಭೆಯಲ್ಲಿ ಹೇಳುತ್ತೇನೆ, ಹೆಸರು ಹೇಳಲ್ಲ.

ಎಲ್ಲರಿಗೂ ಸೇರಿಸಿ ಒಂದು ಮಾತು. ಭಾಗ್ಯಲಕ್ಷ್ಮಿ ಬಾಂಡ್ ನೆನಪಿದೆಯಲ್ಲ? 2006ರಲ್ಲಿ ಶುರುವಾದದ್ದು, ಹೆಣ್ಣು ಮಗುವಿನ ಹೆಸರಲ್ಲಿ ಸರ್ಕಾರ ದುಡ್ಡಿಟ್ಟು ಹದಿನೆಂಟು ತುಂಬಿದ ಮೇಲೆ ಕೊಡುವುದು. ಹದಿನೆಂಟರ ಒಳಗೆ ಮದುವೆ ಮಾಡಿದರೆ ದುಡ್ಡಿಲ್ಲ ಅನ್ನುವ ಷರತ್ತು. ನಮ್ಮೂರಲ್ಲಿ ಆ ಷರತ್ತು ಕೆಲಸ ಮಾಡಿದೆ, ಸುಳ್ಳು ಹೇಳಬಾರದು. ಬಾಂಡ್ ಇರುವ ಮನೆಗಳಲ್ಲಿ ‘ಇನ್ನೊಂದು ವರ್ಷ ತಡೀರಿ, ದುಡ್ಡು ಬರಲಿ’ ಅಂತಾರೆ. ದುಡ್ಡು ಬಂದ ತಿಂಗಳೇ ಮದುವೆ! ಓದಿಸಲು ಅಂತ ಇಟ್ಟದ್ದು ಪೆಂಡಾಲಿಗೆ ಹೋಗುತ್ತೆ. ಆದರೂ ಹದಿನೇಳಕ್ಕಿಂತ ಹದಿನೆಂಟೂವರೆ ವಾಸಿ ಅಂತ ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಈ ಮನೆಯವರು ಬಾಂಡ್ ಮಾಡಿಸಿರಲಿಲ್ಲ. ಮಗು ಹುಟ್ಟಿದ ಹೊತ್ತಿಗೆ ಅವರು ಗುಳೆ ಹೋಗಿದ್ದರು.

ಹಟ್ಟಿ ಸೊಸೆ (ತುಮಕೂರು ಜಿಲ್ಲೆ)

ಸಂಪಾದನೆಯಿಂದ ಪದ್ಧತಿ ಹೋಗಲ್ಲ ಅಂತ ಕರಾವಳಿ ಅಕ್ಕ ಬರೆದಿದ್ದಾರೆ. ಕೆಲವು ಸಲ ಹೋಗುತ್ತೆ ಅಕ್ಕ, ಸದ್ದಿಲ್ಲದೆ.

ನಾನು ಗೊಲ್ಲರಹಟ್ಟಿಗೆ ಸೊಸೆಯಾಗಿ ಬಂದವಳು. ಮುಟ್ಟಾದರೆ ಹಟ್ಟಿಯ ಹೊರಗೆ, ಬಾಣಂತಿಯಾದರೆ ಮಗು ಸಮೇತ ಹೊರಗೆ. ಮಳೆ ಇರಲಿ ಚಳಿ ಇರಲಿ. 2023ರಲ್ಲಿ ನಮ್ಮ ತಾಲ್ಲೂಕಿನಲ್ಲೇ ಒಂದು ಹಟ್ಟಿಯಲ್ಲಿ ಹೀಗೆ ಗುಡಿಸಲಲ್ಲಿ ಇಟ್ಟಿದ್ದ ಬಾಣಂತಿಯ ಹಸುಗೂಸು ತೀರಿಹೋಯಿತು. ಪೇಪರಿನಲ್ಲೆಲ್ಲ ಬಂದಿತ್ತು. ಮೌಢ್ಯ ತಡೆಯಲು ಅಂತ 2017ರಲ್ಲಿ ಮಾಡಿದ ಕಾಯ್ದೆಯಲ್ಲಿ ಹೀಗೆ ಹೊರಗಿಡುವುದೂ ಅಪರಾಧ. ಅದು 2020ರಿಂದ ಜಾರಿಯಲ್ಲಿದೆ. ಹಟ್ಟಿಗಳ ಹೊರಗೆ ಹೆಂಗಸರು ಉಳಿದುಕೊಳ್ಳಲಿ ಅಂತ ಸರ್ಕಾರವೇ ಕಟ್ಟಡ ಕಟ್ಟಿಸಿತ್ತು. ಗುಡಿಸಲಿಗಿಂತ ವಾಸಿ ಅಂತ ಕೆಲವರು, ಹೊರಗೆ ಕೂರುವುದಕ್ಕೆ ಸರ್ಕಾರದ ಮುದ್ರೆ ಬಿತ್ತು ಅಂತ ಕೆಲವರು. ನಾನು ಎರಡನೆಯವರ ಕಡೆ.

ನಮ್ಮ ಹಟ್ಟಿಯ ಕೆಲವು ಹುಡುಗಿಯರು ಗಾರ್ಮೆಂಟ್ಸಿಗೆ ಹೋಗಲು ಶುರು ಮಾಡಿದರು. ತಿಂಗಳಿಗೆ ಮೂರು ದಿನ ರಜೆ ಹಾಕಿದರೆ ಸಂಬಳವೂ ಕಟ್, ಹಾಜರಾತಿ ಬೋನಸ್ಸೂ ಹೋಯಿತು. ಎರಡು ಮೂರು ತಿಂಗಳು ಹೊರಗೆ ಕೂತರು. ಆಮೇಲೆ ಒಬ್ಬಳ ಅತ್ತೆಯೇ, ‘ಯಾರಿಗೂ ಹೇಳಬೇಡ, ಬಸ್ಸು ಹತ್ತು’ ಅಂದರಂತೆ. ಈಗ ಯಾರಿಗೆ ಯಾವಾಗ ಅನ್ನುವುದು ಹಟ್ಟಿಗೆ ಗೊತ್ತೇ ಆಗುವುದಿಲ್ಲ. ದೇವರಿಗೂ ಏನೂ ಸಿಟ್ಟು ಬಂದ ಹಾಗಿಲ್ಲ! ಆದರೆ ಹಟ್ಟಿಯಲ್ಲೇ ಕುರಿ ನೋಡಿಕೊಂಡು ಇರುವ ನನ್ನಂಥವರು ಇನ್ನೂ ಹೊರಗೆ ಕೂರುತ್ತೇವೆ. ನಾವೂ ದುಡಿಯುತ್ತೇವೆ, ಕುರಿ ಕಾಯುವುದು ಕೆಲಸ ಅಲ್ವಾ? ಆದರೆ ನಮ್ಮ ರಜೆಗೆ ಯಾರೂ ದುಡ್ಡು ಹಿಡಿಯಲ್ಲ, ಅದಕ್ಕೇ ನಮ್ಮ ರಜೆಯ ಬೆಲೆ ಯಾರಿಗೂ ತಿಳಿಯಲ್ಲ.

ನಿವೃತ್ತ ಬ್ಯಾಂಕಿನವ (ಧಾರವಾಡ)

ಹಟ್ಟಿ ಸೊಸೆ ಅವರು ಹೇಳಿದ್ದನ್ನು ನಮ್ಮ ಇಲಾಖೆಗಳು ಓದಬೇಕು. ಯಾವ ದುಡಿಮೆ, ದುಡ್ಡು ಯಾರ ಕೈಗೆ ಬರುತ್ತೆ, ಇವೆರಡನ್ನೂ ಕೇಳದೆ ‘ಮಹಿಳೆಯರಿಗೆ ಆದಾಯ’ ಅಂತ ಬರೆದರೆ ಏನೂ ಆಗಲ್ಲ.

ನಾನು ಹೆಣ್ಣುಮಕ್ಕಳ ಸಂಘಗಳಿಗೆ ಸಾಲ ಕೊಟ್ಟೇ ನಿವೃತ್ತನಾದವನು. 1992ರಲ್ಲಿ ನಬಾರ್ಡ್, ಸಂಘಗಳಿಗೆ ಬ್ಯಾಂಕಿನಿಂದ ಸಾಲ ಕೊಡಿಸುವ ಸಂಘ–ಬ್ಯಾಂಕ್ ಜೋಡಣೆ ತಂದಾಗ ನಮ್ಮ ಮ್ಯಾನೇಜರು, ‘ಈ ಹೆಂಗಸರು ವಾಪಸ್ ಕಟ್ಟುತ್ತಾರಾ?’ ಅಂತ ನಕ್ಕಿದ್ದರು. ಕಟ್ಟಿದರು. ದೊಡ್ಡ ದೊಡ್ಡ ಸಾಹುಕಾರರು ಕಟ್ಟದೇ ಇದ್ದಾಗಲೂ ಕಟ್ಟಿದರು. ಈಗ ಇಪ್ಪತ್ತು ಲಕ್ಷದವರೆಗೆ ಸಂಜೀವಿನಿ ಸಂಘಕ್ಕೆ ಕೊಡುವ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ. ನಿಮ್ಮ ಶಾಖೆಯಲ್ಲಿ ಕೇಳಿದರೆ ರಿಸರ್ವ್ ಬ್ಯಾಂಕಿನ ಸುತ್ತೋಲೆ ತೋರಿಸಿ ಅನ್ನಿ, ಸುಮ್ಮನಾಗುತ್ತಾರೆ.

ತೊಂದರೆ ಸಾಲದ್ದಲ್ಲ, ಕಸುಬಿನದ್ದು. ಹೊಲಿಗೆ ತರಬೇತಿ ಒಂದನ್ನೇ ಎಷ್ಟು ಸಲ ಕೊಡುತ್ತೀರಿ? ಒಂದೇ ಓಣಿಯಲ್ಲಿ ಇಪ್ಪತ್ತು ಹೊಲಿಗೆ ಮಷೀನು. ಎಲ್ಲರೂ ಒಬ್ಬರ ಕುಪ್ಪಸ ಒಬ್ಬರು ಹೊಲಿಯಬೇಕಷ್ಟೇ. ಅದರ ಬದಲು ರೊಟ್ಟಿ ನೋಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಇದಕ್ಕೆ ಬೆಂಗಳೂರು–ಪುಣೆಯಲ್ಲಿ ಗಿರಾಕಿ ಇದ್ದಾರೆ, ಕೆಲಸವೂ ಹೊಸದಾಗಿ ಕಲಿಯುವಂಥದ್ದಲ್ಲ. ನಮ್ಮ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸಂಘದವರು ಸಿರಿಧಾನ್ಯದ ಬೀಜ ಬ್ಯಾಂಕ್ ಮಾಡಿ, ಧಾನ್ಯ ಸಂಸ್ಕರಣೆಯ ಘಟಕ ಹಾಕಿ, 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ತಂದರು. ಅವರು ಹಿಡಿದದ್ದು ಸುತ್ತಲಿನ ರೈತರಿಗೆ ಬೇಕಾದ ಕೆಲಸ.

ಈಗ ಎರಡನೆಯ ಪ್ರಶ್ನೆ. ಒಂದು ರೊಟ್ಟಿ ಕೇಂದ್ರಕ್ಕೆ ಹೋಗಿದ್ದೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತಾರೆ, ಬಡಿಯುವವರು ಬೇರೆ, ಬೇಯಿಸುವವರು ಬೇರೆ. ತೋಳಿಗೆಲ್ಲ ಹಿಟ್ಟು. ಕೊಂಡ ರೊಟ್ಟಿಗೆ ದುಡ್ಡು ಕೊಡಲು ಗೋಡೆಯ ಸ್ಕ್ಯಾನರಿಗೆ ಮೊಬೈಲ್ ಹಿಡಿದೆ. ಬಂದದ್ದು ಗಂಡಸಿನ ಹೆಸರು. “ಯಾರಿದು?” ಅಂದೆ. “ನಮ್ಮ ಮನೆಯವರದು ಸರ್, ನನ್ನದು ಕೀಪ್ಯಾಡ್ ಫೋನು” ಅಂದರು. ಇಲ್ಲಿ ರೊಟ್ಟಿ ಮಾರಿದ ಪ್ರತಿ ಸಲ ಊರ ಚಹಾದಂಗಡಿಯಲ್ಲಿ ಕೂತ ಆ ಪುಣ್ಯಾತ್ಮನ ಜೇಬು ‘ಟಿಂಗ್’ ಅನ್ನುತ್ತಿತ್ತು. ಆಕೆಯ ಖಾತೆ ನಮ್ಮ ಶಾಖೆಯಲ್ಲೇ ಇತ್ತು, ಸ್ಕ್ಯಾನರನ್ನು ಅದಕ್ಕೆ ಜೋಡಿಸಿಕೊಡಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಆ ಮನೆಯಲ್ಲಿ ಅವತ್ತು ರಾತ್ರಿ ಜಗಳ ಆಯಿತಂತೆ. ಆಗಬೇಕಾದದ್ದೇ.

ನೇರಮಾತು

ಸರ್, ಎಲ್ಲ ಸರಿ. ಆದರೆ ಮದುವೆ ನಿಲ್ಲಿಸುವುದು ಸಂಘದ ಕೆಲಸ ಹೇಗಾಗುತ್ತೆ ಅನ್ನುವುದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಇನ್ನೊಂದು ಮಾತನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಅಪ್ಪ ಅಮ್ಮ ಅವಸರ ಮಾಡುವುದು ಬಡತನಕ್ಕೆ ಮಾತ್ರ ಅಲ್ಲ. ಹುಡುಗಿ ಯಾರ ಜೊತೆಗೋ ಹೋಗಿಬಿಡುತ್ತಾಳೆ ಅನ್ನುವ ಭಯ. ಕೈಯಲ್ಲಿ ಮೊಬೈಲ್ ನೋಡಿದರೆ ಸಾಕು, ಗಂಡು ಹುಡುಕಲು ಶುರು ಮಾಡುತ್ತಾರೆ.

ಹಳೇ ಮೇಷ್ಟ್ರು

ಅದು ಇದೆ, ಒಪ್ಪುತ್ತೇನೆ. ಆ ಭಯಕ್ಕೆ ಹುಡುಗಿಯ ಶಾಲೆಯನ್ನೇ ಬಲಿ ಕೊಡುವುದು ನ್ಯಾಯವಾ?

ಸಂಘದ ಕೆಲಸವಾ ಅಂತ ಕೇಳಿದಿರಿ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದವರು ಹಳ್ಳಿಯ ಹೆಣ್ಣುಮಕ್ಕಳು. ಸಾರಾಯಿ ನಿಲ್ಲಿಸುವುದು ಉಳಿತಾಯಕ್ಕೆ ಸಂಬಂಧಿಸಿದ್ದಲ್ಲ ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಏನು ಉತ್ತರ ಸಿಗುತ್ತಿತ್ತು ಅಂತ ನೀವೇ ಊಹಿಸಿ.

ತಾಲ್ಲೂಕು ವಕೀಲೆ (ಕಲಬುರಗಿ)

ಕಾನೂನಿನ ಕಡೆಯಿಂದ ಚುಟುಕಾಗಿ ಹೇಳುತ್ತೇನೆ.

ಬಾಲ್ಯವಿವಾಹ ಮಾಡಿಸಿದವರು, ಅದಕ್ಕೆ ನೆರವಾದವರು ಎಲ್ಲರೂ ಆರೋಪಿಗಳಾಗಬಹುದು. ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಮಗಳ ವಯಸ್ಸು ಗೊತ್ತಿದ್ದೂ ಸಂಘ ಮದುವೆಗೆ ದುಡ್ಡು ಕೊಟ್ಟರೆ ನಾಳೆ ಯಾರಾದರೂ ಸಂಘವನ್ನೂ ಎಳೆದು ತರಬಹುದು. ಸಭೆಯ ನಡಾವಳಿ ಪುಸ್ತಕವೇ ಸಾಕ್ಷಿ ಆಗುತ್ತೆ. ಲೆಕ್ಕದಕ್ಕ, ಸಭೆಯಲ್ಲಿ ಇದನ್ನೇ ಮುಂದಿಡಿ. ‘ನಿನ್ನ ಮೇಲೆ ಸಿಟ್ಟಿಲ್ಲ, ಸಂಘ ಸಿಕ್ಕಿಹಾಕಿಕೊಳ್ಳುತ್ತೆ’ ಅಂದರೆ ಆ ತಾಯಿಗೂ ಮುಖ ಉಳಿಯುತ್ತೆ.

ಮದುವೆಯ ದಿನ ಗೊತ್ತಾಗಿಬಿಟ್ಟರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಶಾಲೆಯ ಮುಖ್ಯ ಶಿಕ್ಷಕರು, ಇವರೆಲ್ಲ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳೇ. ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆಯೂ ತರಬಹುದು. ಆದರೆ ಪೆಂಡಾಲ್ ಹಾಕಿದ ಮೇಲೆ ನಿಲ್ಲಿಸಿದ ಮದುವೆಗಳಲ್ಲಿ ಎಷ್ಟೋ, ಎರಡು ವಾರ ಬಿಟ್ಟು ಬೇರೆ ಊರಿನ ಗುಡಿಯಲ್ಲಿ ನಡೆಯುತ್ತವೆ. ನಾನೇ ಕಂಡಿದ್ದೇನೆ. ಮಾತು ಆಡುವ ಹಂತದಲ್ಲಿ ನಿಲ್ಲಿಸಿದರೆ ಮಾತ್ರ ಉಳಿಯುತ್ತೆ.

ಲೆಕ್ಕದಕ್ಕ

ಗುಡ್ಡದ ತಮ್ಮ ಹೇಳಿದ ಹಾಗೆ ಪತ್ತೆ ಮಾಡಲು ಹೋದೆ. ಕಥೆ ನಾನು ಅಂದುಕೊಂಡದ್ದಕ್ಕಿಂತ ಬೇರೆಯೇ ಇದೆ.

ಅವಸರ ಹುಡುಗಿ ಮನೆಯದ್ದಲ್ಲ, ಹುಡುಗನ ಮನೆಯದ್ದು. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಕೂಲಿ ಲೆಕ್ಕ ಒಬ್ಬೊಬ್ಬರಿಗೆ ಇರಲ್ಲ, ಜೋಡಿಗೆ. ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು ‘ಕೊಯ್ತಾ’. ಗಂಡ ಕಡಿಯಬೇಕು, ಹೆಂಡತಿ ಕಟ್ಟು ಕಟ್ಟಿ ತಲೆಯ ಮೇಲೆ ಹೊತ್ತು ಗಾಡಿಗೆ ಹಾಕಬೇಕು. ಮುಕಾದಮ, ಅಂದರೆ ಗ್ಯಾಂಗು ಕಟ್ಟುವ ಮೇಸ್ತ್ರಿ, ಮುಂಗಡ ಕೊಡುವುದೂ ಜೋಡಿಗೇ. ಹುಡುಗನಿಗೆ ಜೋಡಿ ಇಲ್ಲ, ಹಾಗಾಗಿ ಪೂರ್ತಿ ಮುಂಗಡ ಇಲ್ಲ. ಹಂಗಾಮಿನ ಮೊದಲು ಮದುವೆ ಆಗಿಬಿಟ್ಟರೆ ಆ ಮನೆಗೆ ಒಂದೇ ಏಟಿಗೆ ದೊಡ್ಡ ಮೊತ್ತ ಸಿಗುತ್ತೆ. ಮದುವೆಯ ಖರ್ಚು ಹುಡುಗಿ ಮನೆಯದು, ಮುಂಗಡ ಹುಡುಗನ ಮನೆಯದು, ದುಡಿಮೆ ಮಾತ್ರ ಹುಡುಗಿಯದು! ನಮ್ಮ ಸಂಘದ ಅರವತ್ತು ಸಾವಿರ ಇದಕ್ಕೆ ಬಂಡವಾಳ. ಮುಕಾದಮನ ಜೇಬಿನ ಲೆಕ್ಕಕ್ಕೆ ನಾವು ಎಮ್ಮೆಯ ಹೆಸರಲ್ಲಿ ದುಡ್ಡು ಹೂಡುವುದು.

ಇದನ್ನು ಸಭೆಯಲ್ಲಿ ಹೀಗೇ ಬಿಡಿಸಿ ಹೇಳಿದೆ. ಮೊದಲು ನೆಲ ನೋಡುತ್ತಿದ್ದವರಲ್ಲಿ ಒಬ್ಬರು ತಲೆ ಎತ್ತಿದರು. ಅವರೂ ಹಾಗೇ ಮದುವೆಯಾಗಿ ಆ ವರ್ಷವೇ ಕಬ್ಬಿಗೆ ಹೋದವರು. ಹೊಟ್ಟೆಯಲ್ಲಿ 7 ತಿಂಗಳ ಕೂಸು ಇದ್ದಾಗಲೂ ಕಟ್ಟು ಹೊತ್ತದ್ದನ್ನು ಹೇಳಿದರು. ಹೆಚ್ಚು ಹೇಳಲಿಲ್ಲ, ಹೇಳಿದಷ್ಟೇ ಸಾಕಾಯಿತು.

ತೀರ್ಮಾನ ಆಗಿದೆ. ಮದುವೆಗೆ ಸಾಲ ಬೇಕಾದರೆ ಉದ್ದೇಶದ ಕಾಲಂನಲ್ಲಿ ಮದುವೆ ಅಂತಲೇ ಬರೆಯುವುದು, ನಮ್ಮದೇ ಉಳಿತಾಯದ ದುಡ್ಡಿನಿಂದ ಕೊಡುವುದು, ಬ್ಯಾಂಕಿನದ್ದರಿಂದ ಅಲ್ಲ. ಅದಕ್ಕೆ ಹುಡುಗಿಯ ವಯಸ್ಸಿನ ದಾಖಲೆ ಜೊತೆಗಿಡಬೇಕು. ಹಂಗಾಮಿಗೆ ಹೋಗುವ ಮನೆಗಳ ಓದುವ ಹುಡುಗಿಯರ ಪಟ್ಟಿ ಮಾಡಿ, ಜೂನ್ ಹೊತ್ತಿಗೇ ಹಾಸ್ಟೆಲ್ ಅರ್ಜಿ ಹಾಕಿಸುವುದು ಒಕ್ಕೂಟದ ಕೆಲಸ. ಈ ವರ್ಷದ ಅರ್ಜಿಯ ದಿನ ಮುಗಿದಿದೆ. ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ ಯಾರೋ ಬಿಟ್ಟು ಹೋದ ಒಂದು ಸೀಟಿದೆ, ತಾಲ್ಲೂಕು ಆಫೀಸಿಗೆ ಅಲೆಯುತ್ತಿದ್ದೇವೆ. ಸಿಗುವ ತನಕ ಸಂಘದ ಅಧ್ಯಕ್ಷೆಯ ಮನೆಯಲ್ಲಿ ಹುಡುಗಿ ಇರಲಿ ಅಂತ ಮಾತಾಗಿದೆ. ಅವರಿಗೂ ಒಬ್ಬಳು ಮಗಳಿದ್ದಾಳೆ, ಒಂದೇ ಕ್ಲಾಸು.

ತಾಯಿ ಒಪ್ಪಿದರಾ ಅಂತ ಕೇಳಬೇಡಿ. ಆ ದಿನ ಎದ್ದು ಹೋದವರು ಆಮೇಲಿನ ಸಭೆಗೆ ಬಂದಿಲ್ಲ. ಉಳಿತಾಯದ ದುಡ್ಡು ಮಾತ್ರ ಮಗಳ ಕೈಯಲ್ಲಿ ಕಳಿಸಿದ್ದಾರೆ.

ವಾರದ ಕಂತು

ಅಕ್ಕ, ಕಂಪನಿಗೆ ಹೋಗಿಲ್ಲ ತಾನೆ?

ಲೆಕ್ಕದಕ್ಕ

ಇಲ್ಲಿಯವರೆಗೆ ಹೋಗಿಲ್ಲ. ಆ ಕಂಪನಿಯ ಗುಂಪಿಗೆ ಇನ್ನೂ ನಾಲ್ಕು ಜನ ಜಾಮೀನು ನಿಲ್ಲಬೇಕು. ಆ ನಾಲ್ಕು ಜನ ನಮ್ಮ ಸಂಘದವರೇ. ನಿಲ್ಲಲ್ಲ ಅಂದಿದ್ದಾರೆ.

ಕರಾವಳಿ ಹುಡುಗಿ

ನಮ್ಮ ಸಂಘಕ್ಕೂ ಈ ನಿಯಮ ತರಬೇಕು ಅಂತಿದ್ದೇನೆ. ವಯಸ್ಸಿಗೆ ಆಧಾರ್ ಸಾಕಾ?

ತಾಲ್ಲೂಕು ವಕೀಲೆ

ಸಾಲದು. ಆಧಾರ್ ಹುಟ್ಟಿದ ದಿನಕ್ಕೆ ಪುರಾವೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಳ್ಳಿಗಳಲ್ಲಿ ಎಷ್ಟೋ ಆಧಾರ್‌ಗಳಲ್ಲಿ ಎಲ್ಲರೂ ಜನವರಿ ಒಂದಕ್ಕೇ ಹುಟ್ಟಿರುತ್ತಾರೆ, ನೋಡಿರುತ್ತೀರಿ. ಜನನ ಪ್ರಮಾಣಪತ್ರ ಅಥವಾ ಹತ್ತನೇ ತರಗತಿ ಅಂಕಪಟ್ಟಿ ಕೇಳಿ. ಎರಡೂ ಇಲ್ಲದಿದ್ದರೆ ಮೊದಲು ಓದಿದ ಶಾಲೆಯ ದಾಖಲಾತಿ ಪುಸ್ತಕದ ನಕಲು. ಮುಖ್ಯ ಶಿಕ್ಷಕರ ಸಹಿ ಮತ್ತು ಸೀಲು ಇರಲಿ.

ಹಳೇ ಮೇಷ್ಟ್ರು

ಯಾವ ಶಾಲೆಯಲ್ಲಾದರೂ ಕೊಡಲ್ಲ ಅಂದರೆ ಇಲ್ಲಿ ಬರೆಯಿರಿ. ಅರ್ಜಿ ಹೇಗೆ ಬರೆಯಬೇಕು ಅಂತ ನಾನು ಬರೆದು ಹಾಕುತ್ತೇನೆ.